ದಿನಾ ಹೋಗಿ ಬರುವ ದೂರ

ಮಂಗಳೂರಿನಿಂದ ಬಿ.ಸಿ. ರೋಡ್, ಕಲ್ಲಡ್ಕ ದಾಟಿ ಬರುವ ಹೆದ್ದಾರಿ ಬಂಟ್ವಾಳ ತಾಲ್ಲೂಕಿನ ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಉಪ್ಪಿನಂಗಡಿ, ಶಿರಾಡಿ ಘಾಟಿ, ಹಾಸನದ ಮೇಲೆ ಬೆಂಗಳೂರಿಗೆ. ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಯ ಮೇಲೆ ಮೈಸೂರಿಗೆ. ಪಿಯುಸಿ ಫಲಿತಾಂಶ ಬಂದ ಮೇಲೆ ಈ ಊರಿನ, ಇದರ ಸುತ್ತಲಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಈ ಮೂರು ದಿಕ್ಕುಗಳ ಮಧ್ಯೆಯೇ ಸುತ್ತುತ್ತದೆ. ಮಗುವನ್ನು ಎಷ್ಟು ದೂರ ಕಳಿಸುವುದು? ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅನುಕೂಲ ಇರುವವರು ‘ಬೆಂಗಳೂರಾದರೆ ಮುಂದೆ ಕೆಲಸಕ್ಕೂ ಆಯಿತು’ ಎನ್ನುತ್ತಾರೆ. ಉಳಿದವರು ‘ದಿನಾ ಹೋಗಿ ಬರುವ ಹಾಗಿದ್ದರೆ ಸಾಕು’ ಎನ್ನುತ್ತಾರೆ. ಮೊದಲನೆಯದನ್ನು ಟೀಕಿಸುವವರು ಬೇಕಾದಷ್ಟಿದ್ದಾರೆ. ನನಗೆ ತಕರಾರಿರುವುದು ಎರಡನೆಯದರ ಮೇಲೆ. ನೋಡಲು ಅಗ್ಗವಾಗಿ, ಸುರಕ್ಷಿತವಾಗಿ ಕಾಣುವ ಈ ‘ಹೋಗಿ ಬರುವ ದೂರ’ವೇ ಎಲ್ಲಕ್ಕಿಂತ ದುಬಾರಿ ಎಂಬುದು ನನ್ನ ವಾದ. ಓದುವುದಾದರೆ ನಿಜವಾಗಿ ಹತ್ತಿರ ಓದಬೇಕು, ಇಲ್ಲವೇ ಹೋಗಿ ಅಲ್ಲೇ ಉಳಿಯಬೇಕು. ಉಳಿಯುವುದೆಂದು ತೀರ್ಮಾನವಾದ ಮೇಲೆ ನಲವತ್ತು ಕಿಲೋಮೀಟರಿಗೂ ನಾನ್ನೂರಕ್ಕೂ ನಾವು ಅಂದುಕೊಂಡಷ್ಟು ವ್ಯತ್ಯಾಸವಿಲ್ಲ.

ಹೋಗಿ ಬರುವ ದೂರ ಎಂಬ ಅಳತೆ ಈ ಜಿಲ್ಲೆಯಲ್ಲಿ ಹುಟ್ಟಿದ್ದೇ ಈಚೆಗೆ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮಂಗಳೂರಿನಲ್ಲಿ 1868ರ ಸರ್ಕಾರಿ ಕಾಲೇಜು, 1880ರ ಸಂತ ಅಲೋಶಿಯಸ್ ಕಾಲೇಜು ಇದ್ದರೂ ದೊಡ್ಡ ಓದು ಎಂದರೆ ಮದ್ರಾಸು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ಇನ್ನಷ್ಟು ಸಲೀಸಾಯಿತು. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದ ಬೆನೆಗಲ್ ನರಸಿಂಗರಾಯರು ಕೆನರಾ ಹೈಸ್ಕೂಲಿನಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ, ಅಲ್ಲಿಂದ ಕೇಂಬ್ರಿಜ್‌ಗೆ ಹೋದದ್ದು ಆ ಕಾಲದ ದಾರಿ. ಅದು ಯಾರಿಗೆ ತೆರೆದಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣವಿದ್ದವರು, ಇಲ್ಲವೇ ತಮ್ಮವರ ಮನೆಗಳಲ್ಲಿ ವಾರಾನ್ನ ಹೊಂದಿಸಿಕೊಳ್ಳಬಲ್ಲ ಜಾತಿಯ ಹುಡುಗರು ಹೋದರು. ಉಳಿದವರಲ್ಲಿ ಎಷ್ಟೋ ಮಂದಿ ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು.

ಆಮೇಲೆ ಎರಡು ದಶಕಗಳಲ್ಲಿ ಕಾಲೇಜೇ ಊರಿನ ಕಡೆ ಬಂತು. ಉಡುಪಿಯ ಎಂ.ಜಿ.ಎಂ. 1949ರಲ್ಲಿ, ಪುತ್ತೂರಿನ ಸಂತ ಫಿಲೋಮಿನಾ 1958ರಲ್ಲಿ, ಕಾರ್ಕಳದ ಭುವನೇಂದ್ರ 1960ರಲ್ಲಿ, ಮೂಡುಬಿದಿರೆಯ ಮಹಾವೀರ ಮತ್ತು ಪುತ್ತೂರಿನ ವಿವೇಕಾನಂದ 1965ರಲ್ಲಿ, ಉಜಿರೆಯ ಎಸ್‌.ಡಿ.ಎಂ. 1966ರಲ್ಲಿ, ಬಂಟ್ವಾಳದ ಎಸ್‌.ವಿ.ಎಸ್. 1968ರಲ್ಲಿ. ಅದೇ 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕೊಣಾಜೆ ಗುಡ್ಡದ ಮಂಗಳಗಂಗೋತ್ರಿಯಲ್ಲಿ ಶುರುವಾಯಿತು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾಲಯವಾಯಿತು. ಹತ್ತಿರದ ಕಾಲೇಜು ಎಂಬುದು ಕೀಳಾದದ್ದೇನೂ ಅಲ್ಲ ಎನ್ನಲು ಈ ಪಟ್ಟಿ ಸಾಕು. ಈ ಕಾಲೇಜುಗಳು ಹುಟ್ಟದೇ ಇದ್ದಿದ್ದರೆ ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳನ್ನು ಡಿಗ್ರಿ ಮಾಡಿಸಿದ ತಾಯಂದಿರ ತಲೆಮಾರು ಈ ತಾಲ್ಲೂಕುಗಳಲ್ಲಿ ಇರುತ್ತಿರಲಿಲ್ಲ.

ಅರ್ಥಶಾಸ್ತ್ರಜ್ಞರೂ ಇದನ್ನು ಅಳೆದು ನೋಡಿದ್ದಾರೆ. 2021ರಲ್ಲಿ ನೊಬೆಲ್ ಪಡೆದ ಡೇವಿಡ್ ಕಾರ್ಡ್, ಅಮೆರಿಕದಲ್ಲಿ ಕಾಲೇಜಿಗೆ ಹತ್ತಿರ ಬೆಳೆದ ಹುಡುಗರು ದೂರ ಬೆಳೆದವರಿಗಿಂತ ಹೆಚ್ಚು ಓದಿದ್ದಾರೆ ಎಂದು 1995ರ ಪ್ರಬಂಧವೊಂದರಲ್ಲಿ ತೋರಿಸಿದರು. ಆ ವ್ಯತ್ಯಾಸ ಮುಖ್ಯವಾಗಿ ಕಂಡದ್ದು ಓದು ಕಡಿಮೆ ಇದ್ದ ತಂದೆತಾಯಿಯರ ಮಕ್ಕಳಲ್ಲಿ. ನಮ್ಮದೇ ದೇಶದ ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಹುಡುಗಿಯರ ದಾಖಲಾತಿ ಶೇ. 32ರಷ್ಟು ಏರಿತೆಂದೂ ಶಾಲೆ ಮೂರು ಕಿಲೋಮೀಟರಿಗಿಂತ ಆಚೆ ಇದ್ದ ಹಳ್ಳಿಗಳಲ್ಲೇ ಅದರ ಪರಿಣಾಮ ಹೆಚ್ಚೆಂದೂ ಕಂಡುಕೊಂಡರು. ದೂರವು ಎಲ್ಲರಿಗೂ ಒಂದೇ ಸಮನೆ ಭಾರವಲ್ಲ. ಮೊದಲ ತಲೆಮಾರಿನ ವಿದ್ಯಾರ್ಥಿಗೆ, ಅದರಲ್ಲೂ ಹುಡುಗಿಗೆ, ಅದು ಓದನ್ನೇ ನಿಲ್ಲಿಸುವಷ್ಟು ಭಾರ.

ಹಾಗಾದರೆ ದಿನಾ ಹೋಗಿ ಬರುವ ದೂರದಲ್ಲಿ ಕಾಲೇಜಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಕೇಳಬಹುದು. ಸರಿ, ಆದರೆ ಆ ಹೋಗಿ ಬರುವುದು ಎಷ್ಟು ಹೊತ್ತಿನದು? ಮಾಣಿಯಿಂದ ಪುತ್ತೂರು ಹದಿನೈದು ಕಿಲೋಮೀಟರಿನ ಆಸುಪಾಸು. ಬಂಟ್ವಾಳವೂ ಹೆಚ್ಚುಕಡಿಮೆ ಅಷ್ಟೇ. ಇವು ನಿಜವಾದ ಹತ್ತಿರ. ಮಂಗಳೂರು, ಮೂಡುಬಿದಿರೆ ಎರಡೂ ನಲವತ್ತರ ಆಸುಪಾಸು, ಉಜಿರೆ ಐವತ್ತರ ಆಸುಪಾಸು. ನಕಾಶೆಯಲ್ಲಿ ಇವೂ ಹತ್ತಿರವೇ. ಆದರೆ ಮೂಡುಬಿದಿರೆಗೆ ಬಿ.ಸಿ. ರೋಡಿನಲ್ಲಿಳಿದು ಸಿದ್ಧಕಟ್ಟೆಯ ಬಸ್ಸು ಹಿಡಿಯಬೇಕು, ಉಜಿರೆಗೆ ಉಪ್ಪಿನಂಗಡಿಯಲ್ಲೋ ಬಂಟ್ವಾಳದಲ್ಲೋ ಬಸ್ಸು ಬದಲಿಸಿ ಗುರುವಾಯನಕೆರೆಯ ದಾರಿ ಹಿಡಿಯಬೇಕು, ಕೊಣಾಜೆಗೆ ಮೆಲ್ಕಾರಿನಿಂದ ಮುಡಿಪಿನ ಕಡೆ ತಿರುಗಬೇಕು. ಮನೆ ಮಾಣಿ ಪೇಟೆಯಲ್ಲೇ ಇರುವುದೂ ಅಪರೂಪ. ಈ ಊರುಗಳಲ್ಲಿ ಮನೆ ಎಂದರೆ ಮುಖ್ಯರಸ್ತೆಯಿಂದ ಒಳಗೆ, ತೋಟದ ನಡುವೆ, ಗುಡ್ಡದ ಬದಿಯಲ್ಲಿ. ಬಿ.ಸಿ. ರೋಡಿನಿಂದ ಅಡ್ಡಹೊಳೆವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದು, ಕಲ್ಲಡ್ಕದ ಕೆಸರನ್ನು ದಾಟುವುದೇ ಒಂದು ಪ್ರಯಾಣವಾಗಿತ್ತು ಎಂಬುದನ್ನು ಆ ದಾರಿಯ ವಿದ್ಯಾರ್ಥಿಗಳಿಗೆ ಯಾರೂ ನೆನಪಿಸಬೇಕಾಗಿಲ್ಲ. ಒಟ್ಟು ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈಗ ಸಣ್ಣದೊಂದು ಲೆಕ್ಕ. ಯುಜಿಸಿ ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ 180 ದಿನ ಪಾಠ ನಡೆಯಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 720 ಗಂಟೆ ಬಸ್ಸಿನಲ್ಲಿ. ಒಂದು ಸೆಮಿಸ್ಟರಿಗೆ ಇಪ್ಪತ್ತು ಕ್ರೆಡಿಟ್, ಒಂದು ಕ್ರೆಡಿಟ್‌ಗೆ ಹದಿನೈದು ಗಂಟೆ ಪಾಠ ಎಂದು ಹಿಡಿದರೆ ತರಗತಿಯಲ್ಲಿ ಕಳೆಯುವುದು ವರ್ಷಕ್ಕೆ 600 ಗಂಟೆ. ಪ್ರಯೋಗಾಲಯದ ಹೊತ್ತು ಸೇರಿಸಿದರೆ ಇನ್ನಷ್ಟು ಏರೀತು. ಹೇಗೆ ನೋಡಿದರೂ ಆ ವಿದ್ಯಾರ್ಥಿ ಪಾಠ ಕೇಳಿದಷ್ಟೇ ಹೊತ್ತು ಕಂಬಿ ಹಿಡಿದು ನಿಂತಿರುತ್ತಾಳೆ. ಬಸ್ಸಿನ ಪಾಸಿನ ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ, ಈ ಗಂಟೆಗಳು ಯಾವ ಮನೆಯ ಖರ್ಚಿನ ಪುಸ್ತಕದಲ್ಲೂ ಕಾಣುವುದಿಲ್ಲ. ಕಾಲೇಜು ಕೊಡುವ ಒಳ್ಳೆಯದರಲ್ಲಿ ಅರ್ಧಕ್ಕರ್ಧ ಸಿಗುವುದು ಸಂಜೆ ನಾಲ್ಕರ ಮೇಲೆ. ಗ್ರಂಥಾಲಯ, ನಾಟಕದ ತಾಲೀಮು, ಎನ್ನೆಸ್ಸೆಸ್, ಕ್ರೀಡೆ, ಮೇಷ್ಟರ ಜೊತೆ ತರಗತಿಯಾಚೆಯ ಮಾತು, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ. ಕೊನೆಯ ಬಸ್ಸು ತಪ್ಪಿದರೆ ಎಂಬ ಚಿಂತೆಯಿರುವವರಿಗೆ ಇವೆಲ್ಲ ಹೊರಗಿನವು. ಹೀಗೆ ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಇಬ್ಬರು ಬೇರೆಬೇರೆ ಕಾಲೇಜು ಓದಿ ಹೊರಬರುತ್ತಾರೆ.

ಹುಡುಗಿಯರ ಮಟ್ಟಿಗೆ ಲೆಕ್ಕ ಇನ್ನೂ ಕಠಿಣ. ಮನೆಗೆ ಬಂದ ಮೇಲೆ ಅಡುಗೆಮನೆ ಕಾಯುತ್ತಿರುತ್ತದೆ. ದಾರಿಯ ಕಿರುಕುಳದ ಭಯ ಬೇರೆ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನದಲ್ಲಿ, ಹುಡುಗಿಯರು ದಾರಿ ಸುರಕ್ಷಿತವೆನಿಸಿದರೆ ಸಾಕೆಂದು ತಮಗೆ ಸಿಗಬಹುದಾಗಿದ್ದ ಒಳ್ಳೆಯ ಕಾಲೇಜನ್ನೇ ಬಿಟ್ಟು ಕೆಳಮಟ್ಟದ ಕಾಲೇಜು ಆಯ್ದುಕೊಳ್ಳುವುದು ಕಂಡುಬಂತು. ಹುಡುಗರು ಹಾಗೆ ಬಿಟ್ಟುಕೊಡುವುದು ತೀರಾ ಕಡಿಮೆ. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನ ಟಿಕೆಟ್ ಹುಡುಗಿಯರಿಗೆ ಉಚಿತವಾಗಿದೆ. ಒಳ್ಳೆಯದೇ. ಆದರೆ ಈ ಜಿಲ್ಲೆಯಲ್ಲಿ ಅದು ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಮಂಗಳೂರು–ಮಾಣಿ–ಪುತ್ತೂರು ದಾರಿಯಲ್ಲಿ ಕೆಎಸ್‌ಆರ್‌ಟಿಸಿ ಧಾರಾಳ. ಮೂಡುಬಿದಿರೆ ಕಡೆ ಹೆಚ್ಚಾಗಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಬಸ್ಸು ಉಚಿತವಿರುವ ಕಡೆಗೆ ಕಾಲೇಜನ್ನು ಆರಿಸುವ ಒತ್ತಡ ಬಡ ಮನೆಯಲ್ಲಿ ಸಹಜ. ಟಿಕೆಟ್ಟಿನ ದುಡ್ಡು ಉಳಿಯಿತೆಂದು ದಿನದ ನಾಲ್ಕು ಗಂಟೆ ಕಳೆದುಕೊಳ್ಳುವುದು ಲಾಭವೆಂದು ಕಂಡರೆ ತಪ್ಪು ಆ ಮನೆಯದಲ್ಲ. ಗಂಟೆಗಳಿಗೆ ಬೆಲೆ ಕಟ್ಟುವ ಅಭ್ಯಾಸ ನಮ್ಮ ಯೋಜನೆಗಳಿಗೂ ಇಲ್ಲ.

‘ನಲವತ್ತು ಕಿಲೋಮೀಟರಿಗೆ ಹಾಸ್ಟೆಲ್ಲಾ?’ ಎಂದು ಹುಬ್ಬೇರಿಸುವವರೇ ಹೆಚ್ಚು. ವಿಚಿತ್ರವೆಂದರೆ ಉತ್ತರ ಕರ್ನಾಟಕದ ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಮೂಡುಬಿದಿರೆ, ಉಜಿರೆಗಳಲ್ಲಿ ಉಳಿದು ಓದುತ್ತಾರೆ. ಅವರಿಗೆ ಇದು ದೂರದ ದೊಡ್ಡ ಊರು. ಅದೇ ಕಾಲೇಜಿನ, ಪಕ್ಕದ ತಾಲ್ಲೂಕಿನ ಹುಡುಗ ದಿನಾ ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾನೆ. ಉಳಿಯುವವನಿಗೆ ಸಿಗುವುದು ಓಡಾಡುವವನಿಗೆ ಸಿಗುವುದಿಲ್ಲ. ಈ ಸತ್ಯ ನಮ್ಮ ಹಿರಿಯರಿಗೆ ಗೊತ್ತಿತ್ತೆಂದು ಕಾಣುತ್ತದೆ. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಆರಂಭಿಸಿ ವಿದ್ಯಾರ್ಥಿಗಳಿಗೆ ಉಚಿತ ಊಟ ವಸತಿ ಏರ್ಪಡಿಸಿದ್ದು 1940ರಲ್ಲಿ. ಪಕ್ಕದ ಎಸ್‌.ಡಿ.ಎಂ. ಕಾಲೇಜು ಬಂದದ್ದು ಅದಾದ ಇಪ್ಪತ್ತಾರು ವರ್ಷಕ್ಕೆ. ಮಂಗಳೂರಿನಲ್ಲಿ ಒಂದಿಡೀ ಬಡಾವಣೆಗೆ ‘ಬಂಟ್ಸ್ ಹಾಸ್ಟೆಲ್’ ಎಂದೇ ಹೆಸರು ಬಿದ್ದಿದೆ. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಮೊದಲು ಬೇಕಾದದ್ದು ಮಲಗಲು ಜಾಗ, ಎರಡು ಹೊತ್ತು ಊಟ ಎಂದು ಸಮುದಾಯಗಳು ಆಗಲೇ ಕಂಡುಕೊಂಡಿದ್ದವು. ಕಾಲೇಜುಗಳು ಕೈಗೆಟುಕಿ, ಬಸ್ಸುಗಳು ಹೆಚ್ಚಿದ ಮೇಲೆ ನಾವು ಅದನ್ನು ಮರೆತೆವು.

ಇನ್ನು ಘಟ್ಟ ಹತ್ತುವ ವಿಚಾರ. ಉಳಿಯುವುದೆಂದು ಒಪ್ಪಿದ ಮೇಲೆ, ಎಷ್ಟು ದೂರ ಎಂಬುದನ್ನು ಕೋರ್ಸು ಮತ್ತು ಶುಲ್ಕ ಹೇಳಬೇಕು, ಊರಿನ ಹೆಸರಲ್ಲ. ಪತ್ರಿಕೋದ್ಯಮವೋ ಮನಶ್ಶಾಸ್ತ್ರವೋ ಓದಲು ಬಯಸುವವರಿಗೆ ಉಜಿರೆಯೇ ಇದೆ, ಅದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಆದರೆ ಅಡಿಕೆ ತೋಟದ ನಡುವೆ ಬೆಳೆದು ಬಿ.ಎಸ್‌ಸಿ. ಕೃಷಿ ಓದಬೇಕೆನ್ನುವ ಹುಡುಗಿಯನ್ನು ತೆಗೆದುಕೊಳ್ಳಿ. ಅಡಿಕೆ, ಕೊಕ್ಕೊ ಸಂಶೋಧನೆಗೆ ಹೆಸರಾದ ಸಿಪಿಸಿಆರ್‌ಐ ಕೇಂದ್ರ ವಿಟ್ಲದಲ್ಲಿ, ಮನೆಯಿಂದ ಕೂಗಳತೆಯಲ್ಲೇ ಇದೆ. ಪದವಿಗೆ ಮಾತ್ರ ಶಿವಮೊಗ್ಗವೋ ಹಾಸನವೋ ಬೆಂಗಳೂರಿನ ಜಿಕೆವಿಕೆಯೋ ಆಗಬೇಕು. ಕೃಷಿಕರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ, ಪ್ರಾಯೋಗಿಕ ಪರೀಕ್ಷೆಯೊಂದನ್ನೂ ಎದುರಿಸಬೇಕಷ್ಟೆ. ‘ದೂರ’ ಎಂದು ಅವಳನ್ನು ಮಂಗಳೂರಿನ ಯಾವುದೋ ಬಿ.ಕಾಂ.ಗೆ ಸೇರಿಸಿದರೆ ಉಳಿದದ್ದು ಕಿಲೋಮೀಟರು, ಹೋದದ್ದು ಓದು.

ವೈದ್ಯಕೀಯದ್ದು ಇನ್ನೂ ಸ್ವಾರಸ್ಯದ ಉದಾಹರಣೆ. ಮಂಗಳೂರಿಗೆ ಕೆಎಂಸಿ ಬಂದದ್ದು 1955ರಲ್ಲಿ. ಅಲ್ಲಿಂದೀಚೆಗೆ ಜಿಲ್ಲೆಯಲ್ಲಿ ಒಂದರ ಮೇಲೊಂದು ವೈದ್ಯಕೀಯ ಕಾಲೇಜು ಎದ್ದಿವೆ, ಎದ್ದವೆಲ್ಲ ಖಾಸಗಿಯವು. ಸರ್ಕಾರಿ ಕೋಟಾದಲ್ಲಿ ಸಿಕ್ಕಿದರೂ ಖಾಸಗಿ ಕಾಲೇಜಿನ ಶುಲ್ಕ ಸರ್ಕಾರಿ ಕಾಲೇಜಿನದಕ್ಕಿಂತ ಹೆಚ್ಚು. ಮಾಣಿಯಲ್ಲಿ ನಿಂತು ನೋಡಿದರೆ ಸರ್ಕಾರಿ ಕಾಲೇಜಿರುವುದು ಅದೇ ಮೈಸೂರು ರಸ್ತೆಯಲ್ಲಿ, ನೂರು ಕಿಲೋಮೀಟರಿನ ಆಸುಪಾಸಿನ ಮಡಿಕೇರಿಯಲ್ಲಿ, 2016ರಿಂದ. ಶಿರಾಡಿ ಹತ್ತಿದರೆ ಹಾಸನದಲ್ಲಿ ಇನ್ನೊಂದು. ಎಂಜಿನಿಯರಿಂಗ್‌ಗೂ ಹಾಗೆಯೇ, ಮಡಿಕೇರಿ ದಾಟಿದರೆ ಕುಶಾಲನಗರದಲ್ಲಿ ಸರ್ಕಾರಿ ಕಾಲೇಜಿದೆ. ನಮ್ಮ ಕಡೆ ‘ಘಟ್ಟದ ಮೇಲೆ’ ಎಂದರೆ ಬೇರೆ ದೇಶವೆಂಬ ಭಾವ ಇನ್ನೂ ಹೋಗಿಲ್ಲ. ಆ ಭಾವಕ್ಕೆ ತೆರುವ ಬೆಲೆ ಕೆಲವೊಮ್ಮೆ ಲಕ್ಷಗಳಲ್ಲಿರುತ್ತದೆ.

ಬೆಂಗಳೂರೇ ಬೇಕೆನ್ನುವವರ ವಾದವನ್ನೂ ನೋಡೋಣ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ, 1,106 ಕಾಲೇಜುಗಳು. ಇಷ್ಟರಲ್ಲಿ ಹೆಸರಿಗೆ ತಕ್ಕ ಕಾಲೇಜುಗಳು ಬೆರಳೆಣಿಕೆಯಷ್ಟು, ಉಳಿದವು ಪುತ್ತೂರಿನ ಕಾಲೇಜಿಗಿಂತ ಮೇಲು ಎನ್ನಲು ಆಧಾರವೇನೂ ಇಲ್ಲ. ದೊಡ್ಡ ಹೆಸರಿನ ಕಾಲೇಜಿನ ಫಲವನ್ನು ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪರೀಕ್ಷಿಸಿದರು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜಿಗೆ ಹೋದವರನ್ನು, ದೊಡ್ಡದಕ್ಕೇ ಹೋದವರ ಜೊತೆ ಹೋಲಿಸಿದರು. ಮುಂದಿನ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗೆದ್ದದ್ದು ವಿದ್ಯಾರ್ಥಿಯ ಸಾಮರ್ಥ್ಯ, ಕಾಲೇಜಿನ ಫಲಕವಲ್ಲ. ಆದರೆ ಒಂದು ಗುಂಪಿಗೆ ಮಾತ್ರ ದೊಡ್ಡ ಕಾಲೇಜು ನಿಜಕ್ಕೂ ಲಾಭ ತಂದಿತ್ತು, ಅದು ಬಡ ಮನೆಯ ಮಕ್ಕಳಿಗೆ. ಓದು ಕಡಿಮೆಯಿದ್ದ ತಂದೆತಾಯಿಯರ ಮಕ್ಕಳ ವಿಷಯದಲ್ಲೂ ಹೀಗೆಯೇ ಎಂದು ಅವರ ಮುಂದಿನ ಅಧ್ಯಯನ ಹೇಳಿತು. ಪರಿಚಯ, ಶಿಫಾರಸು, ಕೆಲಸದ ಸುದ್ದಿ ಇವು ಸಿರಿವಂತರ ಮಕ್ಕಳಿಗೆ ಮನೆಯಲ್ಲೇ ಸಿಗುತ್ತವೆ, ಉಳಿದವರಿಗೆ ಕಾಲೇಜೇ ಕೊಡಬೇಕು. ಅಮೆರಿಕದ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಹೊಂದಿಸಲಾಗದು, ನಿಜ. ಆದರೂ ನಮ್ಮ ರೂಢಿ ಅದಕ್ಕೆ ಸರಿಯಾಗಿ ತಿರುಗುಮುರುಗಾಗಿದೆ: ಹೋದರೆ ಲಾಭವಿಲ್ಲದವರು ಹೋಗುತ್ತಾರೆ, ಲಾಭವಿರುವವರನ್ನು ಬಸ್ ಪಾಸ್ ಕೊಟ್ಟು ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ.

ದೂರ ಹೋದ ಮಕ್ಕಳು ಕೈತಪ್ಪುತ್ತಾರೆ, ಮುದಿ ತಂದೆತಾಯಿ ತೋಟದ ಮನೆಯಲ್ಲಿ ಒಂಟಿಯಾಗುತ್ತಾರೆ ಎಂಬ ಆಕ್ಷೇಪ ಹಗುರದ್ದಲ್ಲ. ಹಾಗೆ ಒಂಟಿಯಾದ ಮನೆಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲ್ಲೂಕುಗಳಲ್ಲಿ ಕಣ್ಣಿಗೆ ಬೀಳುತ್ತವೆ. ಆದರೆ ಆ ಮಕ್ಕಳನ್ನು ಒಯ್ದದ್ದು ಓದಿನ ದೂರವಲ್ಲ, ಕೆಲಸದ ದೂರ. ಮನೆಯಿಂದಲೇ ಓಡಾಡಿ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರೂ ಮಾರನೆಯ ವರ್ಷ ಬೆಂಗಳೂರಿನ ಪಿ.ಜಿ.ಯಲ್ಲಿರುತ್ತಾರೆ, ಇಲ್ಲವೇ ಗಲ್ಫಿನಲ್ಲಿ. ಇದಕ್ಕೆದುರಾಗಿ, ದೂರ ಹೋದರೆ ಮಗು ಸ್ವತಂತ್ರವಾಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಊರಿನ ಗೆಳೆಯರೆಲ್ಲ ಒಂದೇ ಕೋಣೆ ಹಿಡಿದು, ತುಳುವಿನಲ್ಲೇ ಮಾತಾಡಿಕೊಂಡು, ಶುಕ್ರವಾರ ರಾತ್ರಿಯ ಬಸ್ಸಿಗೆ ಊರಿಗೆ ಬರುವವರಿಗೆ ಬೆಂಗಳೂರು ಇನ್ನೊಂದು ಬಿ.ಸಿ. ರೋಡ್ ಅಷ್ಟೆ. ತನ್ನ ಬಟ್ಟೆ ತಾನೇ ಒಗೆದುಕೊಂಡು, ಬೇರೆ ಜಿಲ್ಲೆಯವರ ಜೊತೆ ಕೋಣೆ ಹಂಚಿಕೊಳ್ಳುವ ಪಾಠ ಉಜಿರೆಯ ಹಾಸ್ಟೆಲಿನಲ್ಲೂ ಸಿಗುತ್ತದೆ.

ಮಳೆಗಾಲದ ಮಾತು ಎತ್ತುವವರೂ ಇದ್ದಾರೆ, ಅದಕ್ಕೆ ಆಧಾರವೂ ಇದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ವರ್ಷದ ವಾಡಿಕೆಯಾಗಿದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಘಟ್ಟದ ಮೇಲಿರುವ ಮಗುವಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಇನ್ನಷ್ಟು ದೂರ, ಒಪ್ಪಬೇಕಾದ್ದೇ. ಆದರೆ ಆ ಮಳೆ ಹಾಸ್ಟೆಲಿನಲ್ಲಿ ಇರುವವರ ಒಂದೆರಡು ಭೇಟಿಗಳನ್ನು ತಪ್ಪಿಸುತ್ತದೆ, ದಿನಾ ಓಡಾಡುವವರನ್ನು ಪ್ರತಿ ದಿನವೂ ನೆನೆಸುತ್ತದೆ.

ಕಡೆಗೆ ಉಳಿಯುವುದು ಹಣದ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದು. ಹಾಸ್ಟೆಲಿನ ಖರ್ಚು ಕೈಗೆ ನಿಲುಕದ ಮನೆಗೆ ಗಂಟೆಗಳ ಲೆಕ್ಕ ಹೇಳಿ ಫಲವಿಲ್ಲ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ವಿದ್ಯಾರ್ಥಿನಿಲಯಗಳಿರುವುದು ಇದಕ್ಕಾಗಿಯೇ. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ 2013–14ರಲ್ಲಿ ವಿದ್ಯಾಸಿರಿ ಯೋಜನೆ ಬಂತು, ಆಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು. ಅದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ ಹುಟ್ಟುವುದಿಲ್ಲ, ಮಡಿಕೇರಿ, ಪುತ್ತೂರುಗಳಲ್ಲಿ ಅಷ್ಟಿಷ್ಟು ಆಸರೆಯಾದೀತು. ತೊಡಕಿರುವುದು ಕ್ರಮದಲ್ಲಿ. ಸಿಇಟಿ ಬರೆದ ವಿದ್ಯಾರ್ಥಿ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ತನಗೆ ಬೇಕಾದ ಕ್ರಮದಲ್ಲಿ ಜೋಡಿಸಬೇಕು. ಸೀಟು ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದೋ, ಸೀಟು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವುದೋ, ಬಿಟ್ಟು ಕಾಯುವುದೋ, ಹೊರನಡೆಯುವುದೋ ಎಂದು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕೆಲವೇ ದಿನಗಳಲ್ಲಿ ಒತ್ತಬೇಕು. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕುವುದು ಇದೆಲ್ಲ ಮುಗಿದು, ಕಾಲೇಜಿಗೆ ದಾಖಲಾದ ಮೇಲೆ. ಕುಶಾಲನಗರದಲ್ಲಿ ಹಾಸ್ಟೆಲ್ ಸಿಕ್ಕೇ ಸಿಗುತ್ತದೆ ಎಂದು ಗೊತ್ತಿದ್ದಿದ್ದರೆ ಅದನ್ನು ಮೊದಲಿಗೆ ಬರೆಯುತ್ತಿದ್ದ ಹುಡುಗಿ, ಗೊತ್ತಿಲ್ಲದ್ದರಿಂದ ಬಸ್ಸಿಗೆ ಸಿಗುವ ಕಾಲೇಜನ್ನು ಮೊದಲಿಗೆ ಬರೆಯುತ್ತಾಳೆ. ಎಷ್ಟು ದೂರ ಎಂಬುದನ್ನು ಅಲ್ಲಿ ಅವಳ ಅಂಕಗಳೂ ನಿರ್ಧರಿಸುವುದಿಲ್ಲ, ಅಪ್ಪ ಅಮ್ಮನ ಧೈರ್ಯವೂ ನಿರ್ಧರಿಸುವುದಿಲ್ಲ. ಸೀಟು ಕೊಡುವ ಪ್ರಾಧಿಕಾರ ಮತ್ತು ಹಾಸ್ಟೆಲ್ ಕೊಡುವ ಇಲಾಖೆ ಎರಡೂ ಒಂದೇ ಸರ್ಕಾರದವು. ವಿದ್ಯಾರ್ಥಿಯ ಜಾತಿ, ಆದಾಯದ ಪ್ರಮಾಣಪತ್ರಗಳು ಎರಡರ ಬಳಿಯೂ ಇರುತ್ತವೆ. ಆಪ್ಷನ್ ತುಂಬುವ ಅದೇ ಪುಟದಲ್ಲಿ, ಆ ಊರಿನ ವಿದ್ಯಾರ್ಥಿನಿಲಯದಲ್ಲಿ ಆ ವರ್ಷ ಎಷ್ಟು ಜಾಗ ಖಾಲಿಯಿದೆ ಎಂದು ತೋರಿಸಲು ಹೊಸ ಕಟ್ಟಡ ಕಟ್ಟಬೇಕಾಗಿಲ್ಲ, ಹೊಸ ಯೋಜನೆಗೆ ಹೆಸರು ಹುಡುಕಬೇಕಾಗಿಯೂ ಇಲ್ಲ.